ಮರದ ಕುದುರೆಗಳ ಧಣಿ: ಜಾರ್ಜ್ ಟಿಲ್ಯು

ಅಮೆರಿಕದ ನ್ಯೂಯಾರ್ಕ್ ನಗರದ ದಕ್ಷಿಣ ತುದಿಯಲ್ಲಿ, ಬ್ರೂಕ್ಲಿನ್ ಎಂಬ ಭಾಗವು ಸಮುದ್ರವನ್ನು ಮುಟ್ಟುವಲ್ಲಿ, ಕೋನಿ ಐಲೆಂಡ್ ಎಂಬ ಕಡಲತಡಿ ಇದೆ. ಹೆಸರಿನಲ್ಲಿ ದ್ವೀಪ, ಆದರೆ ನಡುವಿನ ತೋಡನ್ನು ಬಹುಮಟ್ಟಿಗೆ ತುಂಬಿಸಿದ್ದರಿಂದ ಈಗ ಅದು ನೆಲಕ್ಕೆ ಅಂಟಿಕೊಂಡೇ ಇದೆ. ಅಲ್ಲಿ ಮರಳಿನ ಅಂಚಿಗೆ 262 ಅಡಿ ಎತ್ತರದ ಉಕ್ಕಿನ ಗೋಪುರವೊಂದು ಕೊಡೆಯ ಕಡ್ಡಿಗಳಂತೆ ತಲೆ ಬಿಚ್ಚಿಕೊಂಡು ನಿಂತಿದೆ. ಒಂದು ಕಾಲದಲ್ಲಿ ಜನರು ಅದರ ನೆತ್ತಿಯಿಂದ ಪ್ಯಾರಾಚೂಟ್ ಕಟ್ಟಿದ ಆಸನದಲ್ಲಿ ಕುಳಿತು ಕೆಳಗಿಳಿಯುತ್ತಿದ್ದರು. ಈಗ ಅದನ್ನು ಯಾರೂ ಏರುವುದಿಲ್ಲ, ಅದರಿಂದ ಯಾರೂ ಇಳಿಯುವುದಿಲ್ಲ. ರಾತ್ರಿ ದೀಪ ಹಚ್ಚುತ್ತಾರೆ, ಅಷ್ಟೇ. 1964ರಲ್ಲಿ ಬಾಗಿಲು ಹಾಕಿದ ಸ್ಟೀಪಲ್‌ಚೇಸ್ ಪಾರ್ಕ್ ಎಂಬ ವಿನೋದಸ್ಥಳದ್ದೆಂದು ಹೇಳಿಕೊಳ್ಳಲು ಆ ಜಾಗದಲ್ಲಿ ಉಳಿದಿರುವುದು ಈ ಗೋಪುರವೊಂದೇ.

ಆ ಪಾರ್ಕನ್ನು ಕಟ್ಟಿದಾತ ಜಾರ್ಜ್ ಕಾರ್ನೀಲಿಯಸ್ ಟಿಲ್ಯು. ಅಮೆರಿಕದಲ್ಲಿ ವಿನೋದದ ಪಾರ್ಕುಗಳ ಚರಿತ್ರೆ ಬರೆಯುವವರು ಯಾರೂ ಈತನ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಂತಹ ಸ್ಥಳವೊಂದು ಸೊರಗತೊಡಗಿದಾಗ ಯಜಮಾನನ ಮುಂದೆ ಬರುವ ಪ್ರಶ್ನೆ ಎಲ್ಲ ಕಡೆಯೂ ಒಂದೇ. ಜನರು ಮೆಚ್ಚಿದ್ದ ಹಳೆಯ ಆಟಗಳಿಗೇ ಬಣ್ಣ ಬಳಿದು ಉಳಿಸಿಕೊಳ್ಳುವುದೋ, ಅದನ್ನೆಲ್ಲ ಕಿತ್ತೆಸೆದು ಯಾರೂ ಕಾಣದ ಹೊಸತನ್ನು ತರುವುದೋ? ಟಿಲ್ಯು ತನ್ನ 52 ವರ್ಷಗಳ ಬಾಳಿನಲ್ಲಿ ಇದನ್ನು ಒಂದಕ್ಕಿಂತ ಹೆಚ್ಚು ಸಲ ಎದುರಿಸಿದ. ಒಮ್ಮೆ ಸೋತ, ಒಮ್ಮೆ ಗೆದ್ದ. ಆತ ತೀರಿಕೊಂಡ ಮೇಲೂ ಆ ಪ್ರಶ್ನೆ ಕೋನಿ ಐಲೆಂಡನ್ನು ಬಿಟ್ಟು ಹೋಗಲಿಲ್ಲ. ಆದುದರಿಂದ ಆತನ ಕಥೆಯನ್ನು ನಮ್ಮ ವಾಚಕರ ಮುಂದಿಡೋಣವೆಂದು ನಮಗೆ ತೋರಿತು.

ಟಿಲ್ಯು ಹುಟ್ಟಿದ್ದು 1862ರಲ್ಲಿ, ನ್ಯೂಯಾರ್ಕಿನಲ್ಲಿ. ಮಗುವಿಗೆ ಮೂರು ವರ್ಷವಾಗುವಾಗ ತಂದೆ ಪೀಟರ್ ಸಂಸಾರ ಸಮೇತ ಕೋನಿ ಐಲೆಂಡಿಗೆ ಬಂದು, ಅಲ್ಲಿ ಜಾಗವನ್ನು ಗೇಣಿಗೆ ಹಿಡಿದು ಸರ್ಫ್ ಹೌಸ್ ಎಂಬ ಹೋಟೆಲನ್ನು ತೆರೆದ. ಆಗ ಅಲ್ಲಿದ್ದುದು ಮರಳು, ಗಾಳಿ, ಬೆರಳೆಣಿಕೆಯ ಹೋಟೆಲುಗಳು, ಬೇಸಗೆಯಲ್ಲಿ ಮೀಯಲು ಬರುವ ಪೇಟೆಯ ಜನ. ಹುಡುಗ ಬೆಳೆದದ್ದು ಈ ಗಿರಾಕಿಗಳ ಮುಖ ನೋಡುತ್ತಲೇ. ಅವನ ಮೊದಲ ವ್ಯಾಪಾರದ ಕಥೆಯನ್ನು ಅಲ್ಲಿನವರು ಇಂದಿಗೂ ನಕ್ಕು ಹೇಳುತ್ತಾರೆ. 1876ರಲ್ಲಿ, ತನ್ನ ಹದಿನಾಲ್ಕನೇ ವರ್ಷದಲ್ಲಿ, ಅವನು ಔಷಧದ ಖಾಲಿ ಬಾಟ್ಲಿಗಳಲ್ಲಿ ಸಮುದ್ರದ ನೀರನ್ನೂ ಚುರುಟಿನ ಪೆಟ್ಟಿಗೆಗಳಲ್ಲಿ ಮರಳನ್ನೂ ತುಂಬಿ, ಸಮುದ್ರವನ್ನೇ ಕಂಡಿರದ ಒಳನಾಡಿನ ಪ್ರವಾಸಿಗರಿಗೆ ಮಾರಿದನಂತೆ. ಮೊದಲ ದಿನದ ಗಳಿಕೆ 13 ಡಾಲರ್ 45 ಸೆಂಟ್. ಅವರ ಕಾಲಡಿಯಲ್ಲಿದ್ದ ಮರಳನ್ನೇ ಅವರಿಗೆ ಮಾರಿದ ಈ ಹುಡುಗ ಮುಂದೆ ಏನಾಗುವನೆಂದು ಊಹಿಸಲು ಜ್ಯೋತಿಷಿ ಬೇಕಾಗಿರಲಿಲ್ಲ.

ಇಪ್ಪತ್ತು ತುಂಬುವ ಮೊದಲೇ ಆತ ಭೂಮಿಯ ವ್ಯವಹಾರಕ್ಕೆ ಇಳಿದ. 1882ರಲ್ಲಿ ಅಪ್ಪ ಮಗ ಸೇರಿ ಒಂದು ನಾಟಕಶಾಲೆಯನ್ನು ಕಟ್ಟಿಸಿದರು. ಕೋನಿ ಐಲೆಂಡಿನ ಮೊದಲ ನಾಟಕಶಾಲೆ ಅದು. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಆ ಕಾಲದ ಕೋನಿ ಐಲೆಂಡಿಗೆ ಜಾನ್ ಮೆಕೇನ್ ಎಂಬವನು ಸರ್ವಾಧಿಕಾರಿಯಂತಿದ್ದ. ಜಮೀನಿನ ಗೇಣಿಚೀಟಿ, ಹೆಂಡದಂಗಡಿಯ ಪರವಾನಗಿ, ಪೊಲೀಸರು, ಮತದಾರರ ಪಟ್ಟಿ ಎಲ್ಲವೂ ಅವನ ಕೈಯೊಳಗೆ. ಜೂಜಿನ ಅಡ್ಡೆಗಳೂ ಸೂಳೆಗೇರಿಗಳೂ ಅವನ ನೆರಳಲ್ಲೇ ನಡೆಯುತ್ತಿದ್ದವು. 1887ರಲ್ಲಿ ಶಾಸನಸಭೆಯ ಸಮಿತಿಯೊಂದು ಇದರ ವಿಚಾರಣೆಗೆ ಬಂದಾಗ ಊರಿನವರು ಬಾಯಿ ಬಿಡಲು ಹೆದರಿದರು. ಟಿಲ್ಯು ಎದ್ದು ನಿಂತು ಸಾಕ್ಷಿ ಹೇಳಿದ. ಸಮಿತಿಯವರು ಕೇಳಿಕೊಂಡು ಹೋದರು. ಮೆಕೇನ್ ಅಲ್ಲಿಯೇ ಉಳಿದ. ಟಿಲ್ಯು ಮನೆಯವರ ಆಸ್ತಿಪಾಸ್ತಿ ಹೆಚ್ಚಿನದೂ ಕೈಬಿಟ್ಟಿತು. 1894ರಲ್ಲಿ ಚುನಾವಣೆಯ ಅಕ್ರಮಕ್ಕಾಗಿ ಮೆಕೇನ್‌ಗೆ ಆರು ವರ್ಷಗಳ ಸಜೆಯಾಗಿ ಸಿಂಗ್ ಸಿಂಗ್ ಜೈಲಿಗೆ ಹೋಗುವವರೆಗೂ ಈ ಮನೆತನ ತಲೆ ಎತ್ತುವಂತಿರಲಿಲ್ಲ. ತಮಾಷೆಯ ಅಂಗಡಿ ಇಟ್ಟವನೆಂದು ಟಿಲ್ಯುವನ್ನು ಹಗುರವಾಗಿ ಕಾಣುವವರಿದ್ದಾರೆ. ಅವರು ಈ ಏಳು ವರ್ಷಗಳನ್ನು ಮರೆಯಬಾರದೆಂದು ನಮ್ಮ ಎಣಿಕೆ.

1893ರಲ್ಲಿ ಆತನ ಮದುವೆಯಾಯಿತು. ಹೆಂಡತಿಯೊಡನೆ ಶಿಕಾಗೋದ ವಿಶ್ವಪ್ರದರ್ಶನಕ್ಕೆ ಹೋದ. ಅಲ್ಲಿ ಫೆರಿಸ್ ಎಂಬ ಇಂಜಿನಿಯರ್ ನಿಲ್ಲಿಸಿದ್ದ 264 ಅಡಿ ಎತ್ತರದ ಚಕ್ರ ತಿರುಗುತ್ತಿತ್ತು. ನಮ್ಮ ಜಾತ್ರೆಗಳಿಗೆ ಬರುವ ತೊಟ್ಟಿಲಿಗೆ ಆ ಚಕ್ರವೇ ದೊಡ್ಡಣ್ಣ. ಒಂದೇ ಸಲಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಜನ ಅದರಲ್ಲಿ ಕುಳಿತುಕೊಳ್ಳಬಹುದಾಗಿತ್ತು. ಮದುಮಗ ಹೆಂಡತಿಯನ್ನು ನೋಡಿದನೋ ಚಕ್ರವನ್ನು ನೋಡಿದನೋ ತಿಳಿಯದು. ಕೊಳ್ಳಲು ಮಾತ್ರ ಹೊರಟ. ಸಿಗಲಿಲ್ಲ. ಅದರ ಅರ್ಧಕ್ಕೂ ಕಡಿಮೆ ಎತ್ತರದ, 125 ಅಡಿಯ ಚಕ್ರವೊಂದನ್ನು ಸಾಲದ ಮೇಲೆ ಮಾಡಿಸಲು ಹೇಳಿ ಊರಿಗೆ ಬಂದ. ಬಂದವನೇ ಖಾಲಿ ಜಾಗದಲ್ಲಿ ಹಲಗೆ ನಿಲ್ಲಿಸಿ, ಜಗತ್ತಿನಲ್ಲೇ ಅತಿ ದೊಡ್ಡ ಚಕ್ರ ಇಲ್ಲಿ ಬರಲಿದೆಯೆಂದು ಬರೆಸಿದ. ಅದು ಸುಳ್ಳು. ಆದರೆ ಆ ಸುಳ್ಳನ್ನು ನಂಬಿ ಚಕ್ರದ ಸುತ್ತಲಿನ ಜಾಗವನ್ನು ಅಂಗಡಿಕಾರರು ಮುಂಗಡ ಹಣ ಕೊಟ್ಟು ಹಿಡಿದರು. ಆ ಹಣದಿಂದಲೇ ಚಕ್ರ ಬಂತು.

ಈ ತನಕ ಕೋನಿ ಐಲೆಂಡಿನ ಆಟಗಳು ಒಂದೊಂದು ಒಂದೊಂದು ಕಡೆ ಚದುರಿದ್ದವು. 1895ರಲ್ಲಿ ಪಾಲ್ ಬಾಯ್ಟನ್ ಎಂಬ ಈಜುಗಾರ ಒಂದು ಜಾಗಕ್ಕೆ ಬೇಲಿ ಹಾಕಿ, ಒಳಗೆ ಬರಲು ಟಿಕೇಟು ಇಟ್ಟು, ಕಡಲಸಿಂಹಗಳ ಪಾರ್ಕನ್ನು ತೆರೆದ. ಬೇಲಿಯ ಬೆಲೆ ಟಿಲ್ಯುವಿಗೆ ಕೂಡಲೇ ಅರ್ಥವಾಯಿತು. ಕುಡುಕರೂ ಕಿಸೆಗಳ್ಳರೂ ಬೇಲಿಯ ಹೊರಗೆ. ಹೆಂಡತಿ ಮಕ್ಕಳ ಸಮೇತ ಬರುವ ಗುಮಾಸ್ತರೂ ಕಾರ್ಮಿಕರೂ ಬೇಲಿಯ ಒಳಗೆ. 1897ರಲ್ಲಿ ಸುಮಾರು 15 ಎಕರೆಯ ಸ್ಟೀಪಲ್‌ಚೇಸ್ ಪಾರ್ಕ್ ಹೀಗೆ ಹುಟ್ಟಿತು. ಇಪ್ಪತ್ತೈದು ಸೆಂಟ್ ಕೊಟ್ಟು ಒಳಗೆ ಬಂದರೆ ಸಂಜೆಯವರೆಗೆ ನಗಬಹುದು.

ಪಾರ್ಕಿಗೆ ಹೆಸರು ಕೊಟ್ಟ ಆಟ ಬ್ರಿಟಿಷನೊಬ್ಬನ ಕಲ್ಪನೆ. ಟಿಲ್ಯು ಅದರ ಹಕ್ಕನ್ನು ಕೊಂಡ. ಏರಿಳಿಯುವ ಕಬ್ಬಿಣದ ಹಳಿಗಳು ಸಾಲಾಗಿ ಓಡುತ್ತವೆ. ಒಂದೊಂದು ಹಳಿಯ ಮೇಲೆ ಒಂದೊಂದು ಮರದ ಕುದುರೆ. ಯಂತ್ರವು ಎತ್ತರಕ್ಕೆ ಒಯ್ದು ಬಿಟ್ಟರೆ ಉಳಿದದ್ದೆಲ್ಲ ಇಳಿಜಾರಿನ ಕೆಲಸ. ಭಾರ ಹೆಚ್ಚಿದ್ದವನ ಕುದುರೆ ಮುಂದೆ ಓಡುತ್ತದೆ. ಆದುದರಿಂದ ಒಬ್ಬನೇ ಕುಳಿತವನಿಗಿಂತ ಜೋಡಿಯಾಗಿ ಕುಳಿತವರಿಗೆ ಗೆಲ್ಲುವ ಅವಕಾಶ ಹೆಚ್ಚು. ಬೀಳದಂತೆ ಹಿಂದಿನವನು ಮುಂದಿನವಳನ್ನು ಹಿಡಿದುಕೊಳ್ಳಲೇಬೇಕು. ಹುಡುಗ ಹುಡುಗಿ ಕೈ ಹಿಡಿದು ನಡೆದರೂ ಹುಬ್ಬು ಗಂಟಿಕ್ಕುತ್ತಿದ್ದ ಕಾಲದಲ್ಲಿ ಈ ಆಟ ಯಾಕೆ ಓಡಿತೆಂದು ನಾವು ಬಿಡಿಸಿ ಹೇಳಬೇಕಾದ್ದಿಲ್ಲ.

ಆದರೆ ಟಿಲ್ಯುವಿನ ನಿಜವಾದ ಚಾಣಾಕ್ಷತನ ಕಾಣುತ್ತಿದ್ದುದು ಕುದುರೆ ನಿಂತ ಮೇಲೆ. ಇಳಿದವರು ಹೊರಗೆ ಹೋಗಲು ಒಂದು ಇಕ್ಕಟ್ಟಿನ ದಾರಿಯಲ್ಲಿ ನಡೆಯಬೇಕು. ಅದು ಅವರಿಗೆ ತಿಳಿಯದಂತೆ ಒಂದು ರಂಗಸ್ಥಳದ ಮೇಲೆ ತಂದು ಬಿಡುತ್ತದೆ. ಅಡಿಯಿಂದ ಗಾಳಿ ನುಗ್ಗಿ ಗಂಡಸರ ಟೋಪಿ ಹಾರುತ್ತದೆ, ಹೆಂಗಸರ ಲಂಗ ಏಳುತ್ತದೆ. ವಿದೂಷಕನೊಬ್ಬ ವಿದ್ಯುತ್ತಿನ ಕೋಲಿನಿಂದ ಹಿಂದಿನಿಂದ ಚುಚ್ಚುತ್ತಾನೆ. ಎದುರಿನ ಬೆಂಚುಗಳಲ್ಲಿ ಕುಳಿತ ನೂರಾರು ಜನರು ಬಿದ್ದು ಬಿದ್ದು ನಗುತ್ತಾರೆ. ನಾಚಿ ಕೆಂಪಾದ ಜೋಡಿ ಕೆಳಗೆ ಇಳಿದು ಮಾಡುವ ಮೊದಲ ಕೆಲಸವೆಂದರೆ ಆ ಬೆಂಚುಗಳಲ್ಲಿ ತಾವೂ ಜಾಗ ಹಿಡಿದು ಮುಂದಿನ ಜೋಡಿಗೆ ಕಾಯುವುದು. ಇದು ಸಭ್ಯವೆಂದು ಇಂದು ಯಾರೂ ಹೇಳಲಾರರು. ಅಂದಿಗೂ ಎಲ್ಲರೂ ಹೇಳಿರಲಿಲ್ಲ. ಆದರೆ ಪಾತ್ರಧಾರಿಗಳಿಗೆ ಸಂಬಳ ಕೊಡದೆ, ಪ್ರೇಕ್ಷಕರಿಂದಲೇ ಆಟ ಆಡಿಸಿ, ಅವರಿಂದಲೇ ಟಿಕೇಟಿನ ಹಣ ತೆಗೆದುಕೊಂಡ ಇಂತಹ ವ್ಯವಹಾರಸ್ಥನನ್ನು ಮೆಚ್ಚದಿರಲು ನಮ್ಮಿಂದ ಆಗದು.

ಎರಡು ಮೂರು ಬೇಸಗೆ ಕಳೆಯುವಾಗ ಪಾರ್ಕಿಗೆ ಹೊಸತು ಬೇಕಾಗುತ್ತದೆಂದು ಟಿಲ್ಯು ಬಲ್ಲ. 1901ರಲ್ಲಿ ಬಫಲೋ ನಗರದಲ್ಲಿ ಮತ್ತೊಂದು ಮಹಾಪ್ರದರ್ಶನ ನಡೆಯಿತು. ಅಮೆರಿಕದ ಅಧ್ಯಕ್ಷ ಮೆಕಿನ್ಲಿ ಗುಂಡೇಟು ತಿಂದದ್ದು ಅದೇ ಪ್ರದರ್ಶನದಲ್ಲಿ. ಅಲ್ಲಿ ಜನರು ಮುಗಿಬಿದ್ದದ್ದು ಚಂದ್ರಲೋಕ ಯಾತ್ರೆ ಎಂಬ ಆಟಕ್ಕೆ. ರೆಕ್ಕೆ ಬಡಿಯುವ ವಿಮಾನನೌಕೆಯಲ್ಲಿ ಕುಳಿತರೆ, ಸುತ್ತಲಿನ ಚಿತ್ರಪಟಗಳು ಸರಿದು ಭೂಮಿ ಕೆಳಗೆ ಇಳಿದಂತೆ ಕಾಣುತ್ತದೆ. ಇಳಿದಾಗ ಚಂದ್ರಲೋಕದ ನಿವಾಸಿಗಳು ಎದುರ್ಗೊಳ್ಳುತ್ತಾರೆ. ಮನುಷ್ಯ ನಿಜವಾಗಿ ಚಂದ್ರನ ಮೇಲೆ ಕಾಲಿಡಲು ಇನ್ನೂ 68 ವರ್ಷವಿತ್ತು. ಅದರ ಒಡೆಯರಾದ ಫ್ರೆಡ್ ಥಾಂಪ್ಸನ್ ಮತ್ತು ಎಲ್ಮರ್ ಡಂಡಿ ಎಂಬ ಜೊತೆಗಾರರನ್ನು ಟಿಲ್ಯು ಒಪ್ಪಿಸಿ, ಗಳಿಕೆಯಲ್ಲಿ ಪಾಲಿನ ಕರಾರು ಮಾಡಿ, 1902ರ ಬೇಸಗೆಗೆ ಚಂದ್ರಲೋಕವನ್ನು ತನ್ನ ಪಾರ್ಕಿಗೆ ತಂದ.

ಆ ಬೇಸಗೆ ಬಿಡದೆ ಮಳೆ ಹಿಡಿಯಿತು. ಕಡಲತಡಿ ಖಾಲಿ. ಚಂದ್ರಲೋಕಕ್ಕೆ ಮಾತ್ರ ಜನ ಬಂದರು. ಪಾರ್ಕಿನ ಉಳಿದ ಭಾಗ ನೀರಲ್ಲಿ ನೆನೆಯಿತು. ಋತು ಮುಗಿದ ಮೇಲೆ ಕರಾರನ್ನು ಹೊಸತು ಮಾಡುವಾಗ ಟಿಲ್ಯು ಜೊತೆಗಾರರ ಪಾಲನ್ನು ಇಳಿಸಿ ಮಾತಾಡಿದ. ತನ್ನ ನಷ್ಟವನ್ನು ಗೆದ್ದವರ ಲೆಕ್ಕಕ್ಕೆ ಹಾಕಲು ಹೊರಟಿದ್ದನೆಂದೇ ಹೇಳಬೇಕು. ಬುದ್ಧಿವಂತನ ಈ ಲೆಕ್ಕ ಇಲ್ಲಿ ತಪ್ಪಿತೆಂದು ನಮ್ಮ ಅಭಿಪ್ರಾಯ. ಅವರಿಬ್ಬರೂ ಒಪ್ಪದೆ ಹೊರನಡೆದರು. ಅದೇ ಮಳೆಯಿಂದ ಕಂಗೆಟ್ಟಿದ್ದ ಬಾಯ್ಟನ್‌ನ ಜಾಗವನ್ನು ಹಿಡಿದು, 1903ರ ಮೇ ತಿಂಗಳಲ್ಲಿ ಲೂನಾ ಪಾರ್ಕನ್ನು ತೆರೆದರು. ಎರಡೂವರೆ ಲಕ್ಷ ವಿದ್ಯುದ್ದೀಪಗಳು! ಮನೆಗಳಲ್ಲಿ ಇನ್ನೂ ಗ್ಯಾಸ್ ದೀಪ ಉರಿಯುತ್ತಿದ್ದ ದಿನಗಳವು. ಮರುವರ್ಷ ರೆನಾಲ್ಡ್ಸ್ ಎಂಬ ರಾಜಕಾರಣಿ ಡ್ರೀಮ್‌ಲ್ಯಾಂಡ್ ಎಂಬ ಮೂರನೆಯ ಪಾರ್ಕನ್ನು ಹತ್ತು ಲಕ್ಷ ದೀಪಗಳೊಂದಿಗೆ, 375 ಅಡಿಯ ಬಿಳಿ ಗೋಪುರದೊಂದಿಗೆ ತೆರೆದ. ಅವುಗಳ ಬದಿಯಲ್ಲಿ ಟಿಲ್ಯುವಿನ ಪಾರ್ಕು ಮದುವೆಮನೆಯ ಪಕ್ಕದ ಚಹಾದಂಗಡಿಯಂತೆ ಕಂಡಿರಬೇಕು.

ಟಿಲ್ಯು ದೀಪಗಳ ಪಂದ್ಯಕ್ಕೆ ಇಳಿಯಲಿಲ್ಲ. ಲೂನಾದಲ್ಲೂ ಡ್ರೀಮ್‌ಲ್ಯಾಂಡಿನಲ್ಲೂ ಜನರು ಬಾಯಿ ಬಿಟ್ಟು ನೋಡಬೇಕಾಗಿತ್ತು. ಕೃತಕ ನಗರಗಳು, ಸುಡುವ ಮನೆಗಳು, ನೆರೆ, ಯುದ್ಧ ಎಲ್ಲವೂ ಅಲ್ಲಿ ನೋಡುವ ವಸ್ತು. ಒಮ್ಮೆ ನೋಡಿದ್ದನ್ನು ಎರಡನೇ ಸಲ ನೋಡಲು ಹಣ ಕೊಡುವವರು ಕಡಿಮೆ. ಆದುದರಿಂದ ವರ್ಷಂಪ್ರತಿ ಹಳತನ್ನು ಕಿತ್ತು ಹೊಸತನ್ನು ಕಟ್ಟಬೇಕು. ಸ್ಟೀಪಲ್‌ಚೇಸಿನಲ್ಲಿ ಜನರೇ ಬೀಳಬೇಕು, ಜಾರಬೇಕು, ಏಳಬೇಕು. ತಿರುಗುವ ದೊಡ್ಡ ತಟ್ಟೆಯ ನಡುವೆ ಕುಳಿತವರು ಒಬ್ಬೊಬ್ಬರಾಗಿ ಅಂಚಿಗೆ ಎಸೆಯಲ್ಪಡುವ ಆಟ, ನಡುಗುವ ಮೆಟ್ಟಿಲು, ಉರುಳುವ ಪೀಪಾಯಿ ಇವೇ ಅಲ್ಲಿನ ಬಂಡವಾಳ. ಇಂತಹ ಸಣ್ಣ ಆಟಗಳನ್ನು ಟಿಲ್ಯು ಒಂದಾದ ಮೇಲೊಂದರಂತೆ ತರುತ್ತಿದ್ದ, ಓಡದಿದ್ದರೆ ತೆಗೆಸುತ್ತಿದ್ದ. ಕುದುರೆಗಳನ್ನು ಮಾತ್ರ ಮುಟ್ಟಲಿಲ್ಲ.

1907ರ ಜುಲೈ 28, ಭಾನುವಾರ ಬೆಳಕು ಹರಿಯುವ ಮೊದಲು ಪಾರ್ಕಿಗೆ ಬೆಂಕಿ ಬಿತ್ತು. ಮರ, ಗಾರೆ, ಬಣ್ಣ. ಸುತ್ತಲಿನ ಅಂಗಡಿಗಳೂ ಹೋಟೆಲುಗಳೂ ಸೇರಿ ಸುಮಾರು 35 ಎಕರೆ ಬೂದಿಯಾಯಿತು. ಹತ್ತು ವರ್ಷಗಳ ದುಡಿಮೆ ಹೊಗೆಯಾಡುತ್ತಿರುವಾಗಲೇ ಟಿಲ್ಯು ಬಾಗಿಲಿನಲ್ಲಿ ಹಲಗೆಯೊಂದನ್ನು ತೂಗಹಾಕಿದ. ನಿನ್ನೆಯ ತೊಂದರೆಗಳು ಮುಗಿದವು, ಇಂದು ಹೊಸ ತೊಂದರೆಗಳಿವೆ, ಆದರೂ ಹೆಚ್ಚು ದೊಡ್ಡ ಪಾರ್ಕನ್ನು ಕಟ್ಟುತ್ತೇನೆ ಎಂಬುದು ಅದರ ತಾತ್ಪರ್ಯ. ಅದರ ಕೆಳಗೆ, ಸುಟ್ಟ ಅವಶೇಷಗಳನ್ನು ನೋಡಲು ಹತ್ತು ಸೆಂಟ್ ಎಂದು ದರವನ್ನೂ ಬರೆಸಿದ್ದ. ಜನರು ಕೊಟ್ಟರು. ಹದಿನಾಲ್ಕರ ಹುಡುಗ ಮರಳು ಮಾರಿದ್ದ, ನಲುವತ್ತೈದರ ಗಂಡಸು ಬೂದಿ ಮಾರಿದ.

ಈಗ ಆತನ ಮುಂದೆ ಖಾಲಿ ನೆಲವಿತ್ತು. ಲೂನಾದಂತೆ ಕಟ್ಟಬಹುದಾಗಿತ್ತು, ಸುಟ್ಟುಹೋದದ್ದನ್ನೇ ಹಾಗೆಯೇ ಎಬ್ಬಿಸಬಹುದಾಗಿತ್ತು. ಆತ ಎರಡನ್ನೂ ಮಾಡಲಿಲ್ಲ. 1908ರಲ್ಲಿ ಮತ್ತೆ ತೆರೆದ ಪಾರ್ಕಿನ ನಡುವೆ ಈ ಸಲ ಮರದ ಬದಲು ಉಕ್ಕು ಮತ್ತು ಗಾಜಿನ ದೊಡ್ಡ ಚಾವಡಿ ಬಂತು. ಸುಮಾರು ಐದು ಎಕರೆ ಒಂದೇ ಮಾಡಿನ ಅಡಿಯಲ್ಲಿ. ಬೆಂಕಿಗಿಂತಲೂ ಹೆಚ್ಚಾಗಿ 1902ರ ಮಳೆಯೇ ಆತನಿಗೆ ನೆನಪಿದ್ದಿರಬೇಕು! ಹೊರಗೆ ಸುರಿದರೂ ಒಳಗೆ ಆಟ ನಿಲ್ಲದು. ಕಟ್ಟಡ ಪೂರ್ತಿ ಹೊಸತು, ಒಳಗಿನ ಆಟಗಳಲ್ಲಿ ಎಷ್ಟೋ ಹೊಸತು. ಆದರೆ ಚಾವಡಿಯ ಸುತ್ತಲೂ ಮೊದಲಿನಂತೆಯೇ ಕಬ್ಬಿಣದ ಹಳಿಗಳು, ಅವುಗಳ ಮೇಲೆ ಮರದ ಕುದುರೆಗಳು. ಮೊದಲ ಪಾರ್ಕಿನಲ್ಲಿ ಸವಾರಿ ಮಾಡಿದ ಜೋಡಿಗಳು ಮಕ್ಕಳನ್ನು ಕರೆದುಕೊಂಡು ಬಂದರು. ಅವರಿಗೆ ಗುರುತಿನದೊಂದು ಬೇಕಾಗಿತ್ತು, ಮಕ್ಕಳಿಗೆ ಉಳಿದದ್ದೆಲ್ಲ.

ಎದುರಾಳಿಗಳ ಗತಿಯೇನಾಯಿತು? ಡ್ರೀಮ್‌ಲ್ಯಾಂಡಿಗೆ 1911ರ ಮೇ ತಿಂಗಳಲ್ಲಿ, ಋತು ಆರಂಭವಾಗುವ ಮುನ್ನವೇ ಬೆಂಕಿ ಬಿದ್ದು, ಏಳೇ ವರ್ಷಗಳಲ್ಲಿ ಅದರ ಕಥೆ ಮುಗಿಯಿತು. ಯಾರೂ ಮತ್ತೆ ಕಟ್ಟಲಿಲ್ಲ. ಹೊಸತಿಗೆ ಹಣ ಸುರಿದು ಸುರಿದು ಥಾಂಪ್ಸನ್ 1912ರಲ್ಲಿ ದಿವಾಳಿಯಾದ. ಅವನ ಲೂನಾ ಬೇರೆಯವರ ಕೈಯಲ್ಲಿ ಕುಂಟುತ್ತ 1944ರ ಬೆಂಕಿಯವರೆಗೆ ನಡೆಯಿತು. ಟಿಲ್ಯು ಮಾತ್ರ ಈ ಗೆಲುವನ್ನು ಹೆಚ್ಚು ದಿನ ಕಾಣಲಿಲ್ಲ. 1914ರ ನವೆಂಬರ್ 30ರಂದು ತೀರಿಕೊಂಡ.

ಪಾರ್ಕು ಹೆಂಡತಿ ಮಕ್ಕಳ ಕೈಗೆ ಬಂತು. 1920ರಲ್ಲಿ ಐದು ಸೆಂಟಿನ ಸುರಂಗ ರೈಲು ಕೋನಿ ಐಲೆಂಡಿನವರೆಗೆ ಬಂದು, ಬೇಸಗೆಯ ರಜಾದಿನಗಳಲ್ಲಿ ಹತ್ತು ಲಕ್ಷ ಜನ ಸೇರತೊಡಗಿದರು. ಮಕ್ಕಳು ತಂದೆಯ ಪಾಠವನ್ನು ಮರೆತವರಲ್ಲ. 1939ರ ಬೆಂಕಿಯಲ್ಲಿ ಕೆಲವು ಆಟಗಳು ಹೋದಾಗ, ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿದ್ದ ಪ್ಯಾರಾಚೂಟ್ ಗೋಪುರವನ್ನು ಕೊಂಡು 1941ರಲ್ಲಿ ತಮ್ಮಲ್ಲಿ ನಿಲ್ಲಿಸಿದರು. ಮೊದಲಿಗೆ ಹೇಳಿದ ಗೋಪುರ ಅದೇ. ಆದರೆ ಯುದ್ಧ ಮುಗಿದ ಮೇಲೆ ಮನೆಮನೆಗೆ ಕಾರು ಬಂತು. ಜನರು ದೂರದ ಬೇರೆ ಕಡಲತಡಿಗಳಿಗೆ ಹೋಗತೊಡಗಿದರು. ಸುತ್ತಲಿನ ಹಳೆಯ ಮನೆಗಳನ್ನು ಕೆಡವಿ ಸರಕಾರದವರು ಎತ್ತರದ ವಸತಿ ಕಟ್ಟಡಗಳನ್ನು ಎಬ್ಬಿಸಿದರು. ಬರುವವರು ಕಡಿಮೆಯಾದರು; ಬಂದವರಲ್ಲಿ ಹಳೆಯ ದಿನಗಳನ್ನು ನೆನೆಯಲು ಬಂದವರೇ ಹೆಚ್ಚಾದರು. ನೆನಪಿಗಾಗಿ ಬರುವವನು ವರ್ಷಕ್ಕೊಮ್ಮೆ ಬರುತ್ತಾನೆ, ಒಂದು ಸುತ್ತು ನೋಡಿ ಹೋಗುತ್ತಾನೆ. ಅವನಿಂದ ನೌಕರರ ಸಂಬಳ ಹುಟ್ಟುವುದಿಲ್ಲ. 1964ರ ಸೆಪ್ಟೆಂಬರ್ ತಿಂಗಳಲ್ಲಿ ಪಾರ್ಕು ಕೊನೆಯ ಬಾರಿ ಬಾಗಿಲು ಹಾಕಿತು. ಅರುವತ್ತೇಳು ವರ್ಷ ನಡೆದಿತ್ತು.

ಮರುವರ್ಷ ಜಾಗವನ್ನು ಕೊಂಡಾತ ಮನೆ ಕಟ್ಟಿಸುವ ವ್ಯಾಪಾರಿ ಫ್ರೆಡ್ ಟ್ರಂಪ್, ಮುಂದೆ ಅಮೆರಿಕದ ಅಧ್ಯಕ್ಷನಾದವನ ತಂದೆ. 1966ರಲ್ಲಿ ಆತ ಅತಿಥಿಗಳನ್ನು ಕರೆದು ಸಮಾರಂಭ ನಡೆಸಿ, ಚಾವಡಿಯ ಗಾಜಿಗೆ ಅವರ ಕೈಯಿಂದ ಇಟ್ಟಿಗೆ ಎಸೆಯಿಸಿ, ಕಟ್ಟಡವನ್ನು ಕೆಡವಿಸಿದ. ಆತನ ವಸತಿ ಕಟ್ಟಡಗಳಿಗೆ ನಗರದ ಒಪ್ಪಿಗೆ ಸಿಗಲಿಲ್ಲ. ಜಾಗ ವರ್ಷಗಟ್ಟಲೆ ಬೀಳು ಬಿತ್ತು. 2001ರಲ್ಲಿ ಅಲ್ಲಿ ಬೇಸ್‌ಬಾಲ್ ಮೈದಾನವಾಯಿತು. ಟಿಲ್ಯುವಿನ ಕುದುರೆಗಳನ್ನು ಫ್ಲಾರಿಡಾದ ಪೈರೇಟ್ಸ್ ವರ್ಲ್ಡ್ ಎಂಬ ಹೊಸ ಪಾರ್ಕು ಕೊಂಡು ಕೆಲವು ವರ್ಷ ಓಡಿಸಿತು. ಆ ಪಾರ್ಕೂ ಮುಚ್ಚಿತು. ಚಾವಡಿಯಲ್ಲಿದ್ದ ಎಲ್ ಡೊರಾಡೊ ಎಂಬ ಜರ್ಮನಿಯ ಸುತ್ತುಕುದುರೆಗಳ ಆಟ ಜಪಾನಿಗೆ ಹೋಗಿ, ಟೋಕಿಯೋದ ತೋಷಿಮಾಯೆನ್ ಪಾರ್ಕಿನಲ್ಲಿ 1971ರಿಂದ ತಿರುಗಿತು. 2020ರಲ್ಲಿ ಅದಕ್ಕೂ ಬೀಗ ಬಿದ್ದಾಗ ಕುದುರೆಗಳನ್ನು ಬಿಚ್ಚಿ ಕಟ್ಟಿ ಇಟ್ಟರು.

ಇತ್ತ ಕೋನಿ ಐಲೆಂಡನ್ನು ಮತ್ತೆ ಎತ್ತಿ ನಿಲ್ಲಿಸುವ ಮಾತು ಬಂದಾಗ ಹಳೆಯ ಜಗಳ ಹೊಸದಾಗಿ ಎದ್ದಿತು. 1925ರ ಥಂಡರ್‌ಬೋಲ್ಟ್ ಎಂಬ ಮರದ ಏರಿಳಿತದ ರೈಲನ್ನು 2000ದಲ್ಲಿ ನಗರಾಡಳಿತವೇ ಕೆಡವಿಸಿದಾಗ ಹಳೆಯ ನಿವಾಸಿಗಳು ಕಣ್ಣೀರು ಹಾಕಿದರು. 2009ರಲ್ಲಿ ನಗರಾಡಳಿತವು ಡೆವಲಪರನೊಬ್ಬನಿಂದ ಸುಮಾರು ಏಳು ಎಕರೆಯನ್ನು ಒಂಬತ್ತೂವರೆ ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಕೊಂಡಿತು. ಮರುವರ್ಷ ಇಟಲಿಯ ಕಂಪೆನಿಯೊಂದು ಅಲ್ಲಿ ಹೊಸ ಯಂತ್ರಗಳನ್ನಿಟ್ಟು ಪಾರ್ಕನ್ನು ತೆರೆದು, ಥಾಂಪ್ಸನ್‌ನ ಲೂನಾ ಎಂಬ ಹೆಸರನ್ನೇ ಇಟ್ಟಿತು. 2014ರಲ್ಲಿ ಬಂದ ಉಕ್ಕಿನ ರೈಲಿಗೆ ಕೆಡವಿದ ಥಂಡರ್‌ಬೋಲ್ಟ್‌ನ ಹೆಸರು ಬಂತು. ಹೆಸರು ಹಳತು, ಒಳಗಿನದು ಹೊಸತು. ಹೀಗಲ್ಲದೆ ನಿಜವಾಗಿ ಹಳೆಯದೂ ಒಂದಿದೆ. ಕೋನಿ ಐಲೆಂಡಿನಲ್ಲೇ ದಶಕಗಳ ಕಾಲ ತಿರುಗಿದ್ದ ಸುತ್ತುಕುದುರೆಗಳ ಆಟವೊಂದು ಪರವೂರಿಗೆ ಮಾರಿಹೋಗದಂತೆ ನಗರಾಡಳಿತ 2005ರಲ್ಲಿ ಅದನ್ನು ಕೊಂಡು, ದುರಸ್ತಿ ಮಾಡಿಸಿ, 2013ರಲ್ಲಿ ಪ್ಯಾರಾಚೂಟ್ ಗೋಪುರದ ಬುಡದಲ್ಲಿ, ಸ್ಟೀಪಲ್‌ಚೇಸ್ ಪ್ಲಾಜಾ ಎಂದು ಹೆಸರಿಟ್ಟ ಜಾಗದಲ್ಲಿ ನಿಲ್ಲಿಸಿತು. ಟಿಲ್ಯುವಿನ ಪಾರ್ಕಿನ ಹೆಸರು ಆ ನೆಲಕ್ಕೆ ಮರಳಿದ್ದು ಹೀಗೆ.

2011ರಲ್ಲಿ ಹೊಸ ಲೂನಾದವರು ಸ್ಟೀಪಲ್‌ಚೇಸ್ ಎಂಬ ಹೆಸರಿನ ಆಟವನ್ನೂ ಆರಂಭಿಸಿದರು. ಅದರ ಆಸನಗಳು ಕುದುರೆಯ ಆಕಾರದವು. ಸವಾರರು ಅಡ್ಡಗಾಲು ಹಾಕಿಯೇ ಕೂರಬೇಕು, ಬೀಳದಂತೆ ಯಂತ್ರವೇ ಹಿಡಿದುಕೊಳ್ಳುತ್ತದೆ. ಟಿಲ್ಯುವಿನ ಆಟಕ್ಕಿಂತ ಇದು ಬಲು ವೇಗವಾಗಿ ಓಡುತ್ತದೆ. ಆದರೆ ಹಳಿ ಒಂದೇ; ಎಲ್ಲ ಕುದುರೆಗಳೂ ಒಂದೇ ಸರಪಣಿಗೆ ಬಿಗಿದವು. ಯಾವ ಕುದುರೆ ಗೆದ್ದಿತೆಂದು ಇಳಿದವರು ಕೇಳುವುದಿಲ್ಲ.